ಹಿಂದಿನ ಸೀಟಿನವರಿಗೆ ಹೇಳಲು ಸಂಕೋಚ ಯಾಕೆ?

ಧಾರವಾಡದ ಒಂದು ಕಾಲೇಜಿನಲ್ಲಿ ಸೀಟ್ ಬೆಲ್ಟ್ ಬಗ್ಗೆ ಮಾತಾಡಲು ಕರೆದಿದ್ದರು. ವಿದ್ಯಾರ್ಥಿಗಳ ಜತೆ ಅವರ ಮನೆಯವರು, ಊರಿನ ಟ್ಯಾಕ್ಸಿ ಚಾಲಕರೂ ಬಂದಿದ್ದರು. ಅಲ್ಲಿ ಹೇಳಿದ್ದನ್ನು ಬರೆದು ಕೊಡಿ ಎಂದು ಕೆಲವರು ಕೇಳಿದ್ದಕ್ಕೆ ಇಲ್ಲಿ ಹಾಕುತ್ತಿದ್ದೇನೆ. ಮಾತಿನ ಧಾಟಿ ಹಾಗೇ ಇದೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಡ್ರೈವಿಂಗ್ ಕಲಿಸುವವನು. ದಿನಾ ಬೆಳಗ್ಗೆ ಹೊಸಬರನ್ನು ಕೂರಿಸಿಕೊಂಡು ಗೋಕುಲ ರೋಡು, ವಿದ್ಯಾನಗರ, ಉಣಕಲ್ ಸುತ್ತಾಡುತ್ತೇನೆ. ಕಲಿಯಲು ಬರುವವರಿಗೆ ಬೆಲ್ಟ್ ಹಾಕಿಸುವುದು ಕಷ್ಟವೇ ಅಲ್ಲ. ಮೊದಲ ದಿನ ಹೇಳಿದರೆ ಸಾಕು, ಎರಡನೇ ದಿನ ತಾವೇ ಹಾಕಿಕೊಳ್ಳುತ್ತಾರೆ. ಆದರೆ ಅದೇ ಹುಡುಗ ಅಥವಾ ಅದೇ ಅಕ್ಕಾರು ಲೈಸೆನ್ಸ್ ತಗೊಂಡು, ಸ್ವಂತ ಕಾರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಟಾಗ ನೋಡಿ. ತಾವು ಹಾಕಿಕೊಂಡಿರುತ್ತಾರೆ. ಪಕ್ಕದಲ್ಲಿ ಕುಳಿತ ದೊಡ್ಡವರು ಹಾಕಿರುವುದಿಲ್ಲ. ಹಿಂದಿನ ಸೀಟಿನವರ ವಿಷಯವನ್ನಂತೂ ಕೇಳಲೇಬೇಡಿ.

ಬೆಲ್ಟ್ ಹಾಕಿದರೆ ಜೀವ ಉಳಿಯುತ್ತದೆ ಅನ್ನೋದು ಗೊತ್ತಿಲ್ಲದವರು ಈ ಸಭಾಂಗಣದಲ್ಲಿ ಒಬ್ಬರೂ ಇಲ್ಲ ಅಂದುಕೊಂಡಿದ್ದೇನೆ. ಗೊತ್ತಿದ್ದೂ ಯಾಕೆ ಹಾಕಲ್ಲ? ಸೋಮಾರಿತನ, ಅಸಡ್ಡೆ, ಪೊಲೀಸರ ಭಯ ಇಲ್ಲ ಅಂತೆಲ್ಲ ಪೇಪರಿನಲ್ಲಿ ಬರೆಯುತ್ತಾರೆ. ಅದೂ ಇರಬಹುದು. ಆದರೆ ಇಷ್ಟು ವರ್ಷ ಜನರ ಪಕ್ಕದ ಸೀಟಿನಲ್ಲಿ ಕುಳಿತು ನಾನು ಕಂಡದ್ದು ಬೇರೆ. ನಮ್ಮ ಕಡೆ ಅದು ಬಹಳಷ್ಟು ಮಟ್ಟಿಗೆ ಸಂಕೋಚದ ವಿಷಯ. ಹಾಕಿಕೊಳ್ಳಲು ಸಂಕೋಚ, ಹಾಕಿಕೊಳ್ಳಿ ಅಂತ ಹೇಳಲು ಅದಕ್ಕಿಂತ ಜಾಸ್ತಿ ಸಂಕೋಚ.

ಒಂದು ಉದಾಹರಣೆ ಕೊಡುತ್ತೇನೆ. ಬೀಗರು ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಅವರನ್ನು ಗದಗಿಗೆ ಬಿಟ್ಟು ಬರಬೇಕು. ಮರ್ಯಾದೆಯಿಂದ ಮುಂದಿನ ಸೀಟಿನಲ್ಲಿ ಕೂರಿಸುತ್ತೀರಿ. ಬಾಗಿಲು ನೀವೇ ಹಾಕುತ್ತೀರಿ, ಎಸಿ ತಮ್ಮ ಕಡೆ ತಿರುಗಿಸಲಾ ಅಂತ ಕೇಳುತ್ತೀರಿ, ನೀರಿನ ಬಾಟಲಿ ಕೊಡುತ್ತೀರಿ. ‘ಬೆಲ್ಟ್ ಹಾಕ್ಕೊಳ್ರಿ’ ಅನ್ನೋ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಯಾಕೆ? ದೊಡ್ಡವರಿಗೆ ಹೇಳಿಕೊಟ್ಟ ಹಾಗಾಗುತ್ತದೆ. ಅವರಿಗೆ ಹಾಕಲು ಬರದಿದ್ದರೆ ಇರುಸುಮುರುಸು. ಇನ್ನು ಆ ಕಡೆ, ಕುಳಿತವರ ಮನಸ್ಸಿನಲ್ಲಿ ಏನಿರುತ್ತದೆ? ನಾನು ಬೆಲ್ಟ್ ಎಳೆದುಕೊಂಡರೆ ಈ ಹುಡುಗನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲ ಅಂದಂತಾಗುತ್ತದೇನೋ ಅಂತ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸುತ್ತ ಕುಳಿತಿರುತ್ತಾರೆ, ಕಾರು ಅಣ್ಣಿಗೇರಿ ದಾಟಿರುತ್ತದೆ.

ಬಾಡಿಗೆ ಗಾಡಿಯವರ ಕಥೆ ಇನ್ನೂ ನೇರ. ಹಿಂದೆ ಕುಳಿತವರು ಬೆಲ್ಟ್ ಹುಡುಕಿದರೆ ಎಷ್ಟೋ ಚಾಲಕರು ಬಾಯಿಬಿಟ್ಟೇ ಕೇಳುತ್ತಾರೆ. ‘ಯಾಕ್ರೀ ಸರ, ನಮ್ ಮ್ಯಾಲೆ ಭರೋಸಾ ಇಲ್ಲೇನ್ರಿ?’ ಇಲ್ಲಿ ಕುಳಿತಿರುವ ಚಾಲಕ ಮಿತ್ರರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವುದು ನಿಮ್ಮ ಸ್ಟೇರಿಂಗ್ ಒಂದೇ. ಎದುರಿಗೆ ಬರುವವನದ್ದು ನಿಮ್ಮ ಕೈಯಲ್ಲಿಲ್ಲ. ರಾತ್ರಿ ಲೈಟು ಹಾಕದೆ ರಸ್ತೆ ಬದಿ ನಿಂತ ಲಾರಿ, ತಟ್ಟನೆ ಅಡ್ಡ ಬರುವ ಎಮ್ಮೆ, ಇಂಡಿಕೇಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರು, ಇವ್ಯಾವೂ ನಿಮ್ಮ ಕೈಯಲ್ಲಿಲ್ಲ. ಬೆಲ್ಟ್ ಹಾಕುವವರು ನಿಮ್ಮ ಬಗ್ಗೆ ತೀರ್ಪು ಕೊಡುತ್ತಿಲ್ಲ.

ನಮ್ಮ ಸುತ್ತಲಿನ ರಸ್ತೆಗಳು ಎಂಥವು ಅಂತ ನಿಮಗೆ ನಾನು ಹೇಳಬೇಕಿಲ್ಲ. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ, ಇಲ್ಲೇ ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ಟೆಂಪೊ ಟ್ರಾವೆಲರ್‌ಗೂ ಟಿಪ್ಪರ್‌ಗೂ ಡಿಕ್ಕಿಯಾಯಿತು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು. ಹತ್ತಕ್ಕೂ ಹೆಚ್ಚು ಜನ ಹೋದರು. ಆ ದಿನ ಈ ಊರಿನಲ್ಲಿ ಇದ್ದವರು ಯಾರೂ ಅದನ್ನು ಮರೆತಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಜನ ತೀರಿಕೊಂಡರು. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ಕಡೆಯ ತಮ್ಮ ಊರಿಗೆ ಮರಳುತ್ತಿದ್ದವರು. ಇಟಿಗಟ್ಟಿ ಹತ್ತಿರದ ಆ ಬೈಪಾಸ್ ಅಗಲ ಮಾಡಿ ಅಂತ ಜನ ಬೀದಿಗಿಳಿದು ಕೇಳಿದರು. ಕೇಳಲೇಬೇಕಿತ್ತು. ಷಟ್ಪಥದ ಕೆಲಸವೂ ಶುರುವಾಯಿತು. ರಸ್ತೆ ಸರಿ ಮಾಡುವುದು ಸರ್ಕಾರದ ಕೆಲಸ, ಅದನ್ನು ಕೇಳುವುದನ್ನು ನಾವು ನಿಲ್ಲಿಸಬಾರದು. ಆದರೆ ಆ ರಸ್ತೆ ಸರಿಯಾಗುವವರೆಗೂ ನಾವು ಅದರ ಮೇಲೇ ಓಡಾಡಬೇಕಲ್ಲ. ಕಾರಿನೊಳಗೆ ಕುಳಿತವರ ಕೈಗೆ ಸಿಗುವ ವಸ್ತು ಒಂದೇ, ಹೆಗಲ ಹಿಂದೆ ನೇತಾಡುವ ಆ ಪಟ್ಟಿ.

ಈಗ ಸ್ವಲ್ಪ ಲೆಕ್ಕ. ‘ಇಲ್ಲೇ ಕೇಶ್ವಾಪುರಕ್ಕ ಹೊಂಟೇವಿ, ಊರೊಳಗ ಬೆಲ್ಟ್ ಯಾಕ್ರಿ’ ಅಂತ ಕೇಳುವವರಿಗಾಗಿ. ಊರೊಳಗೆ ಗಂಟೆಗೆ 40 ಕಿಲೋಮೀಟರ್ ವೇಗ ಅಂದರೆ ಯಾರಿಗೂ ವೇಗ ಅನ್ನಿಸುವುದೇ ಇಲ್ಲ. ಆ ವೇಗದಲ್ಲಿ ಹೋಗುವ ಕಾರು ಗಟ್ಟಿ ಗೋಡೆಗೋ ಕಂಬಕ್ಕೋ ಗುದ್ದಿ ನಿಂತರೆ, ಒಳಗೆ ಬೆಲ್ಟ್ ಇಲ್ಲದೆ ಕುಳಿತವರಿಗೆ ಆಗುವ ಪೆಟ್ಟು ಸುಮಾರು 6 ಮೀಟರ್ ಎತ್ತರದಿಂದ ಬಿದ್ದಷ್ಟು. ಎರಡಂತಸ್ತಿನ ಮನೆಯ ಮಾಳಿಗೆ ಅಷ್ಟೇ ಎತ್ತರ ಇರುತ್ತದೆ. 60 ಆದರೆ 14 ಮೀಟರ್, ಅಂದರೆ ನಾಲ್ಕು ಅಂತಸ್ತು ದಾಟಿತು. 80 ಆದರೆ 25 ಮೀಟರ್. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ, ಇದು ಪಿಯುಸಿಯಲ್ಲಿ ಓದಿದ ಪಾಠವೇ. ಮಾಳಿಗೆ ಅಂಚಿನಲ್ಲಿ ಕೂರು ಅಂದರೆ ನಮ್ಮಲ್ಲಿ ಯಾರೂ ಕೂರುವುದಿಲ್ಲ. ಕಾರಿನಲ್ಲಿ ಆ ಎತ್ತರ ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ.

ಚಿಗರಿ ಬಸ್ಸಿನಲ್ಲಿ ನಿಂತು ಹುಬ್ಬಳ್ಳಿಗೆ ಹೋಗುವವರಿಗೆ ಇದರ ಅನುಭವ ಇದ್ದೇ ಇದೆ. ನವನಗರದ ಸ್ಟೇಷನ್ ಹತ್ತಿರ ಬಸ್ ಸ್ವಲ್ಪ ಜೋರಾಗಿ ಬ್ರೇಕ್ ಹಾಕಿದರೆ ಸಾಕು, ಕಂಬಿ ಹಿಡಿಯದೆ ಮೊಬೈಲ್ ನೋಡುತ್ತ ನಿಂತವರು ಮುಂದಿನವರ ಮೇಲೆ ಹೋಗಿ ಬೀಳುತ್ತಾರೆ. ಬಸ್ ನಿಂತಿತು, ದೇಹ ನಿಲ್ಲಲಿಲ್ಲ. ಅದು ಬರೀ ಬ್ರೇಕು. ಡಿಕ್ಕಿಯಲ್ಲಿ ಕಾರು ನಿಲ್ಲಲು ಬೇಕಾಗುವುದು ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು. ಅಷ್ಟರಲ್ಲಿ ಕೈ ಚಾಚಿ ಡ್ಯಾಶ್‌ಬೋರ್ಡ್ ಹಿಡಿದುಕೊಳ್ಳುತ್ತೇನೆ ಅನ್ನುವವರಿದ್ದಾರೆ. ಆಗುವುದಿಲ್ಲ. ಕೈಗೆ ಅಷ್ಟು ಶಕ್ತಿ ಯಾರಿಗೂ ಇಲ್ಲ, ಪೈಲ್ವಾನರಿಗೂ ಇಲ್ಲ.

ಮಗುವಿನ ವಿಷಯದಲ್ಲಿ ನನಗೆ ಬಹಳ ಸಂಕಟವಾಗುತ್ತದೆ. ಮುಂದಿನ ಸೀಟಿನಲ್ಲಿ ಅವ್ವ, ಅವ್ವನ ತೊಡೆ ಮೇಲೆ ಮಗು. ನಮ್ಮ ಕಡೆ ಇದು ಎಲ್ಲೆಲ್ಲೂ ಕಾಣುವ ದೃಶ್ಯ. ಮಗುವಿಗೆ ಅದಕ್ಕಿಂತ ಸುರಕ್ಷಿತ ಜಾಗ ಇಲ್ಲ ಅಂತ ಆ ತಾಯಿ ಮನಸಾರೆ ನಂಬಿರುತ್ತಾಳೆ, ಆ ನಂಬಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಲೆಕ್ಕ ನೋಡಿ. 50ರ ವೇಗದಲ್ಲಿರುವ ಕಾರು ಅರ್ಧ ಮೀಟರ್ ಒಳಗೆ ನಜ್ಜುಗುಜ್ಜಾಗಿ ನಿಂತರೆ, ಆ ಕ್ಷಣಕ್ಕೆ 10 ಕೆಜಿ ಮಗುವನ್ನು ಹಿಡಿದುಕೊಳ್ಳಲು ಸುಮಾರು 200 ಕೆಜಿ ಎತ್ತುವಷ್ಟು ಬಲ ಬೇಕು. ಎರಡು ಜೋಳದ ಚೀಲ. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ, ಎಷ್ಟೇ ಅಪ್ಪಿ ಹಿಡಿದಿರಲಿ. ತಾಯಿಯೂ ಬೆಲ್ಟ್ ಹಾಕಿಲ್ಲದಿದ್ದರೆ ಅವಳ ಭಾರವೂ ಮಗುವಿನ ಮೇಲೇ. ಎದುರಿಗೆ ಏರ್‌ಬ್ಯಾಗ್ ಬೇರೆ ಇದೆ, ಅದು ಸಿಡಿಯುವ ರಭಸ ದೊಡ್ಡವರ ಎದೆಗೆ ಅಂತ ಲೆಕ್ಕ ಹಾಕಿ ಮಾಡಿದ್ದು, ಮಗುವಿನ ತಲೆಗೆ ಅಲ್ಲ. ಮಗುವಿನ ಜಾಗ ಹಿಂದಿನ ಸೀಟು, ಅದರದ್ದೇ ಪುಟ್ಟ ಸೀಟಿನಲ್ಲಿ. ಈಗಿನ ಹೆಚ್ಚಿನ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿ ಆ ಮಕ್ಕಳ ಸೀಟು ಸಿಕ್ಕಿಸಲು ಕಬ್ಬಿಣದ ಕೊಂಡಿ ಇರುತ್ತದೆ, ಕೈ ಹಾಕಿ ನೋಡಿ. ಹೆಸರಿಡುವ ಕಾರ್ಯಕ್ಕೆ ತೊಟ್ಟಿಲು, ಬೆಳ್ಳಿ ಬಟ್ಟಲು ಕೊಡುತ್ತೇವೆ. ಕಾರಿರುವ ಮನೆಯಲ್ಲಿ ಸೋದರಮಾವ ಒಂದು ಮಕ್ಕಳ ಸೀಟು ಕೊಡಲಿ, ಅದೂ ಉಡುಗೊರೆಯೇ.

ಸ್ವಲ್ಪ ದೊಡ್ಡ ಮಕ್ಕಳಿಗೆ ಬೆಲ್ಟ್ ಕುತ್ತಿಗೆಗೆ ಬರುತ್ತದೆ. ಆಗ ಏನು ಮಾಡುತ್ತೇವೆ? ಹೆಗಲಿನ ಪಟ್ಟಿಯನ್ನು ಬೆನ್ನ ಹಿಂದೆ ಹಾಕುತ್ತೇವೆ. ಹಾಗೆ ಮಾಡಬೇಡಿ, ಹೊಟ್ಟೆ ಮೇಲಿನ ಪಟ್ಟಿಯೊಂದೇ ಉಳಿದರೆ ಮೈ ಅಲ್ಲೇ ಮಡಚಿಕೊಳ್ಳುತ್ತದೆ. ಕೆಳಗೆ ಬೂಸ್ಟರ್ ಸೀಟು ಇಟ್ಟು ಮಗುವನ್ನು ಎತ್ತರಕ್ಕೆ ಕೂರಿಸಬೇಕು.

ಇನ್ನು ಹಿಂದಿನ ಸೀಟು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಸೂರ್ಯಾ ನದಿಯ ಸೇತುವೆ ಮೇಲೆ ತೀರಿಕೊಂಡಿದ್ದು ನಿಮಗೆ ನೆನಪಿರಬಹುದು. ದುಬಾರಿ ಕಾರು, ಎಲ್ಲ ಸೌಲಭ್ಯ ಇದ್ದ ಕಾರು. ನಾಲ್ಕು ಜನ ಇದ್ದರು. ಮುಂದೆ ಕುಳಿತ ಇಬ್ಬರು ಬದುಕಿದರು. ಹಿಂದೆ ಕುಳಿತ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಹೋದರು. ಆಮೇಲೆ ಒಂದು ತಿಂಗಳು ದೇಶವೆಲ್ಲ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಮಾತಾಡಿತು. ನಂತರ ಸುಮ್ಮನಾಯಿತು. ಅದೇ 2022ರಲ್ಲಿ ಬೆಲ್ಟ್ ಹಾಕದೆ ಪ್ರಯಾಣಿಸಿ ರಸ್ತೆ ಅಪಘಾತದಲ್ಲಿ ಸತ್ತವರು 16,715 ಜನ ಅಂತ ಕೇಂದ್ರದ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಅದರಲ್ಲಿ ಚಾಲಕರು 8,384. ಜತೆಗೆ ಕುಳಿತವರು 8,331. ಹೆಚ್ಚುಕಮ್ಮಿ ಅರ್ಧರ್ಧ. ಸ್ಟೇರಿಂಗ್ ಹಿಡಿದವರಿಗೆ ಮಾತ್ರ ಅಪಾಯ ಅನ್ನುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಹಿಂದೆ ಕುಳಿತವರು ಬೆಲ್ಟ್ ಹಾಕದಿದ್ದರೆ ಅವರ ಜೀವದ ಪ್ರಶ್ನೆ ಮಾತ್ರವೂ ಅಲ್ಲ. ಡಿಕ್ಕಿಯಾದಾಗ ಅವರ ಇಡೀ ಮೈ ಹೋಗಿ ಬಡಿಯುವುದು ಮುಂದಿನ ಸೀಟಿಗೆ. ಮುಂದೆ ಬೆಲ್ಟ್ ಹಾಕಿಕೊಂಡು ಕುಳಿತವರು ಅತ್ತ ಬೆಲ್ಟ್, ಇತ್ತ ಹಿಂದಿನಿಂದ ಬಂದು ಬಿದ್ದ ಭಾರ, ಇವೆರಡರ ನಡುವೆ ಸಿಕ್ಕಿಕೊಳ್ಳುತ್ತಾರೆ. ಜಪಾನಿನ ಅಪಘಾತಗಳ ದಾಖಲೆ ತೆಗೆದು ನೋಡಿದ ಒಂದು ಅಧ್ಯಯನ 2002ರಲ್ಲೇ ಇದನ್ನು ತೋರಿಸಿತ್ತು. ಹಿಂದಿನವರು ಬೆಲ್ಟ್ ಹಾಕದಿದ್ದಾಗ, ಬೆಲ್ಟ್ ಹಾಕಿದ ಮುಂದಿನವರೂ ಸಾಯುವ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚುತ್ತದೆ. ಹಾಗಾಗಿ ‘ನನ್ ಜೀವ, ನನ್ ಇಷ್ಟ’ ಅನ್ನೋ ಮಾತು ಕಾರಿನೊಳಗೆ ನಡೆಯುವುದಿಲ್ಲ. ಹಿಂದೆ ಕುಳಿತ ಮಗ ಬೆಲ್ಟ್ ಹಾಕಿಕೊಂಡರೆ ಮುಂದೆ ಕುಳಿತ ಅಪ್ಪನನ್ನು ಕಾಪಾಡಿದಂತೆ.

ಆದರೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಬೇಕು ಅಂತ ಮನಸ್ಸು ಮಾಡಿದರೂ ಆಗುತ್ತದಾ? ಇಲ್ಲಿಂದ ಹೊರಗೆ ಹೋದ ಮೇಲೆ ನಿಮ್ಮ ಕಾರಿನ ಹಿಂದಿನ ಸೀಟು ಮುಟ್ಟಿ ನೋಡಿ. ಹೊಸ ಕಾರು ತಂದ ವಾರದಲ್ಲೇ ಸೀಟ್ ಕವರ್ ಹಾಕಿಸುತ್ತೇವೆ. ಆ ರೆಕ್ಸಿನ್ ಕವರ್ ಹಾಕುವವನು ಬೆಲ್ಟ್ ಸಿಕ್ಕಿಸುವ ಕ್ಲಿಪ್ಪನ್ನು ಕವರಿನ ಅಡಿಗೆ ತಳ್ಳಿ ಎಳೆದು ಬಿಗಿಯುತ್ತಾನೆ, ನೋಡಲು ನೀಟಾಗಿ ಕಾಣಲಿ ಅಂತ. ಅಲ್ಲಿಗೆ ಮುಗಿಯಿತು. ಕಲಿಯಲು ಬಂದವರ ಸ್ವಂತ ಕಾರುಗಳಲ್ಲಿ ನಾನು ಕವರಿನ ಸಂದಿಯಲ್ಲಿ ಬೆರಳು ತೂರಿಸಿ ಕ್ಲಿಪ್ ಹುಡುಕಿ ತೆಗೆದಿದ್ದೇನೆ. ಕೆಂಪು ಗುಂಡಿಯ ಮೇಲೆ ಕಾರು ಷೋರೂಮಿನಿಂದ ಬಂದಾಗಿನ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಅಂಟಿರುತ್ತದೆ, ಒಳಗೆ ಚುರುಮುರಿ ಚೂರು, ಪುಠಾಣಿ ಸಿಪ್ಪೆ ಸಿಕ್ಕಿಕೊಂಡಿರುತ್ತದೆ. ಬೆಲ್ಟಿನ ಪಟ್ಟಿ ಮಡಿಕೆ ಬಿಟ್ಟೇ ಇರುವುದಿಲ್ಲ. ವರ್ಷಗಟ್ಟಲೆ ಯಾರೂ ಎಳೆದಿಲ್ಲ ಅಂತ ಅರ್ಥ. ಅಂಥ ಕಾರಿನಲ್ಲಿ ಅತ್ತೆಗೋ ಮಾವನಿಗೋ ಬೆಲ್ಟ್ ಹಾಕಿಕೊಳ್ಳಿ ಅಂದರೆ, ಅವರು ತಡಕಾಡಿ ತಡಕಾಡಿ ಸುಸ್ತಾಗಿ ‘ಇರ್ಲಿ ಬಿಡಪಾ, ಇನ್ನೇನು ಊರು ಬಂತು’ ಅನ್ನದೆ ಏನು ಮಾಡುತ್ತಾರೆ? ಸೀಟ್ ಕವರ್ ಹಾಕಿಸುವಾಗ ಅಂಗಡಿಯಲ್ಲೇ ನಿಂತು, ಮೂರೂ ಕ್ಲಿಪ್ ಮೇಲೆ ಬರಬೇಕು ಅಂತ ಹೇಳಿ. ಅದಕ್ಕೆ ಜಾಗ ಬಿಟ್ಟು ಹೊಲಿಯುತ್ತಾರೆ, ಕೇಳಿದರೆ ಸಾಕು.

ಮುಂದಿನ ಸೀಟಿನ ಕಥೆ ಇನ್ನೊಂದು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಮುಂದಿನವರು ಬೆಲ್ಟ್ ಹಾಕದಿದ್ದರೆ ಬೀಪ್ ಅನ್ನುವ ಸದ್ದು ಕಡ್ಡಾಯ ಆಯಿತು. ಸದ್ದು ತಪ್ಪಿಸಲು ಏನೇನು ಮಾಡುತ್ತಾರೆ ಅಂದರೆ, ಬೆಲ್ಟನ್ನು ಮೊದಲೇ ಕ್ಲಿಪ್ಪಿಗೆ ಸಿಕ್ಕಿಸಿ, ಅದರ ಮುಂದೆ ಕುಳಿತು ಬಿಡುತ್ತಾರೆ. ಬೆಲ್ಟ್ ಬೆನ್ನ ಹಿಂದೆ, ಅವರು ಮುಂದೆ. ಇನ್ನು ಕೆಲವರು ಬೆಲ್ಟ್ ಇಲ್ಲದ ಬರೀ ಕ್ಲಿಪ್ ತಂದು ಸಿಕ್ಕಿಸುತ್ತಾರೆ. ಅಂಥ ಕ್ಲಿಪ್ ಮಾರುತ್ತಿದ್ದ ಐದು ಆನ್‌ಲೈನ್ ಕಂಪನಿಗಳಿಗೆ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಕೊಟ್ಟು 13,118 ಮಾರಾಟದ ಪಟ್ಟಿಗಳನ್ನು ತೆಗೆಸಬೇಕಾಯಿತು. ಒಂದು ಸದ್ದು ತಪ್ಪಿಸಲು ಅಷ್ಟು ಬೇಡಿಕೆ ಇತ್ತು. ಬೆಲ್ಟ್ ಹಾಕಲು ಬೇಕಾಗುವುದಕ್ಕಿಂತ ಜಾಸ್ತಿ ಶ್ರಮ ಪಟ್ಟು ಬೆಲ್ಟ್ ಹಾಕದೆ ಇರುವುದು ಬಹಳ ದುಃಖದ ಸಂಗತಿ.

ಇಂಥ ಸಿಟ್ಟು ನಮ್ಮ ಊರಿಗಷ್ಟೇ ಸೇರಿದ್ದಲ್ಲ. ಅಮೆರಿಕದಲ್ಲಿ 1974ರ ಮಾದರಿಯ ಕಾರುಗಳಿಗೆ, ಮುಂದಿನವರು ಬೆಲ್ಟ್ ಹಾಕದಿದ್ದರೆ ಗಾಡಿ ಸ್ಟಾರ್ಟೇ ಆಗದ ವ್ಯವಸ್ಥೆ ಬಂತು. ಜನ ಎಷ್ಟು ರೇಗಿದರೆಂದರೆ ಅದೇ ವರ್ಷ ಅವರ ಸಂಸತ್ತೇ ಆ ನಿಯಮ ತೆಗೆದು ಹಾಕಿತು. ಬೆಲ್ಟ್ ಹಾಕಲೇಬೇಕು ಅಂತ ಮೊದಲು ಕಾನೂನು ಮಾಡಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರಲ್ಲಿ. ಬ್ರಿಟನ್ನಿನಲ್ಲಿ ಹತ್ತಾರು ವರ್ಷ ವಾದ ನಡೆದು 1983ರ ಜನವರಿ 31ರಂದು ಮುಂದಿನ ಸೀಟಿಗೆ ಕಡ್ಡಾಯವಾಯಿತು. ಅಲ್ಲಿಯವರೆಗೆ ಹತ್ತರಲ್ಲಿ ನಾಲ್ವರು ಹಾಕುತ್ತಿದ್ದರು, ನೋಡನೋಡುತ್ತ ಒಂಬತ್ತು ಜನ ಹಾಕತೊಡಗಿದರು. ಅಂದರೆ ಜನರ ಸ್ವಭಾವ ಬದಲಾಗಲು ತಲೆಮಾರು ಕಾಯಬೇಕಿಲ್ಲ. ಎಲ್ಲರೂ ಹಾಕುತ್ತಾರೆ ಅಂತಾದರೆ ಹಾಕುವವನಿಗೆ ಮುಜುಗರ ಉಳಿಯುವುದಿಲ್ಲ, ಅಷ್ಟೇ.

ಇವತ್ತು ನಾವು ಬಳಸುವ ಹೆಗಲು-ಸೊಂಟದ ಬೆಲ್ಟ್ ಮಾಡಿದವರು ಸ್ವೀಡನ್ನಿನ ನೀಲ್ಸ್ ಬೋಲಿನ್, ವೋಲ್ವೊ ಕಂಪನಿಯ ಎಂಜಿನಿಯರು, 1959ರಲ್ಲಿ. ಅದಕ್ಕೂ ಮೊದಲು ಅವರು ವಿಮಾನ ಕಂಪನಿಯಲ್ಲಿ ಪೈಲಟ್‌ಗಳನ್ನು ಅಪಾಯದಲ್ಲಿ ಹೊರಗೆ ಹಾರಿಸುವ ಸೀಟುಗಳ ಕೆಲಸ ಮಾಡಿದವರು. ಪೈಲಟ್ ಏನು ಕಟ್ಟಿಕೋ ಅಂದರೂ ಕಟ್ಟಿಕೊಳ್ಳುತ್ತಾನೆ, ಕಾರಿನವರು ಹಾಗಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಒಂದೇ ಕೈಯಲ್ಲಿ ಹಾಕಿಕೊಳ್ಳುವಂತೆ ಮಾಡಿದರು. ಪಟ್ಟಿ ಎದೆಯ ಎಲುಬು ಮತ್ತು ಸೊಂಟದ ಎಲುಬಿನ ಮೇಲೆ ಬರಬೇಕು, ಮೆತ್ತನೆಯ ಹೊಟ್ಟೆ ಮೇಲಲ್ಲ, ಇದು ಆ ವಿನ್ಯಾಸದ ಮುಖ್ಯ ಅಂಶ. ಪೇಟೆಂಟ್ ಇದ್ದರೂ ವೋಲ್ವೊ ಕಂಪನಿ ಬೇರೆ ಕಂಪನಿಗಳಿಗೂ ಅದನ್ನು ಬಳಸಲು ಬಿಟ್ಟಿತು. ಮನಸ್ಸು ತುಂಬಿ ಬರುವ ಕೆಲಸ ಅದು.

ಈಗ ನೀವು ಹೇಳುವ ಕಾರಣಗಳಿಗೆ ಬರೋಣ. ‘ಉಸಿರು ಕಟ್ಟತದ, ಬಿಗಿ ಆಗತದ.’ ಬೆಲ್ಟನ್ನು ನಿಧಾನ ಎಳೆದರೆ ಬರುತ್ತದೆ, ಜೋರಾಗಿ ಎಳೆದರೆ ಲಾಕ್ ಆಗುತ್ತದೆ. ಎಷ್ಟೋ ಜನ ಗಡಿಬಿಡಿಯಲ್ಲಿ ಎಳೆದು, ಅದು ಸಿಕ್ಕಿಕೊಂಡಿತು, ಕೆಟ್ಟಿದೆ ಅಂತ ಬಿಟ್ಟುಬಿಡುತ್ತಾರೆ. ಕೆಟ್ಟಿಲ್ಲ. ಅದರ ಕೆಲಸವೇ ಅದು. ಕಾರಿನ ಬಾಗಿಲ ಪಕ್ಕದ ಕಂಬದೊಳಗೆ ಪಟ್ಟಿ ಸುತ್ತಿಕೊಂಡ ಒಂದು ಉರುಳೆ ಇದೆ, ಅದರ ಪಕ್ಕ ಹಲ್ಲಿನ ಚಕ್ರ, ಅದರ ಹತ್ತಿರ ಒಂದು ಪುಟ್ಟ ಉಕ್ಕಿನ ಗುಂಡು. ಕಾರು ತಟ್ಟನೆ ನಿಂತರೆ ಗುಂಡು ಜರುಗಿ ಒಂದು ಕೊಕ್ಕೆಯನ್ನು ಎತ್ತುತ್ತದೆ, ಕೊಕ್ಕೆ ಹಲ್ಲಿಗೆ ಸಿಕ್ಕು ಉರುಳೆ ನಿಲ್ಲುತ್ತದೆ. ಪಟ್ಟಿಯನ್ನೇ ರಪ್ಪನೆ ಎಳೆದರೂ ಹಾಗೇ ನಿಲ್ಲುತ್ತದೆ. ಉಳಿದ ಹೊತ್ತಿನಲ್ಲಿ ನೀವು ಮುಂದೆ ಬಾಗಿ ಟೋಲ್ ರಸೀದಿ ಎತ್ತಿಕೊಂಡರೂ ಅದು ಅಡ್ಡ ಬರುವುದಿಲ್ಲ.

‘ನಮ್ ಗಾಡಿಯಾಗ ಏರ್‌ಬ್ಯಾಗ್ ಅದಾವ್ರಿ.’ ಒಳ್ಳೆಯದು. ಆದರೆ ಏರ್‌ಬ್ಯಾಗ್ ಬೆಲ್ಟಿಗೆ ಜತೆಗಾರ ಅಂತಲೇ ಮಾಡಿದ್ದು. ಬೆಲ್ಟ್ ಮೈಯನ್ನು ಹಿಂದೆ ಹಿಡಿದಿಟ್ಟರೆ ಮಾತ್ರ ಚೀಲ ಪೂರ್ತಿ ಉಬ್ಬಲು ಜಾಗ, ಸಮಯ ಸಿಗುತ್ತದೆ. ಇಲ್ಲದಿದ್ದರೆ ಉಬ್ಬುತ್ತಿರುವ ಚೀಲಕ್ಕೇ ಮುಖ ಹೋಗಿ ಬಡಿಯುತ್ತದೆ.

‘ಬೆಂಕಿ ಹತ್ತಿದ್ರ, ಕೆರಿಗೆ ಬಿದ್ರ ಹ್ಯಾಂಗ್ ಹೊರಗ ಬರೂದು?’ ಅಂಥ ಅಪಘಾತ ಬಹಳ ಬಹಳ ಕಡಿಮೆ. ಆದರೂ ಆಯಿತು ಅಂದುಕೊಳ್ಳಿ. ಎಚ್ಚರ ಇದ್ದವರು ಮಾತ್ರ ಕೆಂಪು ಗುಂಡಿ ಒತ್ತಿ ಹೊರಗೆ ಬರಬಲ್ಲರು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪದಂತೆ ಉಳಿಸುವುದು ಬೆಲ್ಟೇ.

‘ಇಳಕಲ್ ಸೀರಿ ಮುದ್ದಿ ಆಗತದ’ ಅನ್ನುವವರಿಗೆ ನಾನು ಎದುರು ಮಾತಾಡುವುದಿಲ್ಲ, ಮದುವೆಗೆ ಹೊರಟಾಗ ಅದು ನಿಜವಾದ ತೊಂದರೆಯೇ. ಸೆರಗು ಸರಿಮಾಡಿಕೊಂಡು, ಪಟ್ಟಿಯನ್ನು ಸರದ ಕೆಳಗೆ ಬರುವಂತೆ ಹಾಕಿ. ಬಗಲಿನ ಕೆಳಗಿಂದ ಮಾತ್ರ ತಗೊಂಡು ಹೋಗಬೇಡಿ, ಆಗ ಪೆಟ್ಟೆಲ್ಲ ಪಕ್ಕೆಲುಬಿಗೆ. ಬಸುರಿಯರು ಬೆಲ್ಟ್ ಹಾಕಬಾರದು ಅಂತ ಹಿರಿಯರು ಹೇಳುತ್ತಾರೆ. ಹಾಕಲೇಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಅಡಿಗೆ, ಸೊಂಟದ ಎಲುಬಿಗೆ ಒತ್ತಿ ಬರಲಿ. ಮೇಲಿನದು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕದಿಂದ ಇಳಿಯಲಿ. ತಾಯಿ ಉಳಿದರೆ ತಾನೇ ಕೂಸು.

ಕೊನೆಯದು, ‘ಹಣೇಬರಹದಾಗ ಇದ್ದದ್ದು ತಪ್ಪತದೇನ್ರಿ?’ ಇನ್ನೂ ಕೆಲವರು, ‘ಛಲೋ ಕೆಲಸಕ್ಕ ಹೊಂಟಾಗ ಅಂಥಾ ಮಾತು ಯಾಕ?’ ಅನ್ನುತ್ತಾರೆ. ಈ ಮಾತಿನ ಹಿಂದೆ ಭಕ್ತಿ ಇದೆ, ಭಯವೂ ಇದೆ, ನನಗೆ ಗೊತ್ತು. ನಾವು ಹೊಸ ಗಾಡಿ ತಂದರೆ ಮೊದಲು ಸಿದ್ಧಾರೂಢ ಮಠಕ್ಕೆ ಒಯ್ಯುತ್ತೇವೆ. ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ, ಮುಂದೆ ಮೆಣಸಿನಕಾಯಿ ಕಟ್ಟುತ್ತೇವೆ. ಯಾಕೆ? ಈ ಗಾಡಿಯಲ್ಲಿ ಕುಳಿತವರಿಗೆ ಕೆಡುಕಾಗದಿರಲಿ ಅಂತ. ಕೆಡುಕು ಆಗಬಹುದು ಅಂತ ಒಪ್ಪಿಕೊಂಡೇ ಪೂಜೆ ಮಾಡಿದ್ದು ಅಲ್ವಾ? ಆ ಕಾಳಜಿಯನ್ನೇ ಬೆಲ್ಟಿನವರೆಗೂ ತಗೊಂಡು ಬನ್ನಿ. ಆಯುಧಪೂಜೆಗೆ ಗಾಡಿ ತೊಳೆಯುತ್ತೀರಲ್ಲ, ಅವತ್ತೇ ಐದೂ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ, ಕ್ಲಿಪ್ಪಿಗೆ ಸಿಕ್ಕಿಸಿ ಬಿಡಿಸಿ. ಇದಕ್ಕಿಂತ ದೊಡ್ಡ ಪೂಜೆ ಬೇಕಾಗಿಲ್ಲ ಅಂತ ನಾನು ಹೇಳುವುದಿಲ್ಲ. ಪೂಜೆಯ ಜತೆಗೆ ಇದೂ ಇರಲಿ.

ಹೇಳುವವರು ಯಾರು ಅನ್ನೋದಕ್ಕೆ ಕಾನೂನಿನಲ್ಲೇ ಉತ್ತರ ಇದೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು ಓದಿ. ಬೆಲ್ಟ್ ಹಾಕದೆ ಓಡಿಸುವವರಿಗೂ, ಬೆಲ್ಟ್ ಹಾಕದವರನ್ನು ಕೂರಿಸಿಕೊಂಡು ಹೋಗುವವರಿಗೂ 1,000 ರೂಪಾಯಿ ದಂಡ ಅಂತಿದೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೂ ಅಷ್ಟೇ. ಅಂದರೆ ಹೊಣೆ ಸ್ಟೇರಿಂಗ್ ಹಿಡಿದವರ ಮೇಲೆ. ಬೀಗರೇ ಇರಲಿ, ಸಾಹೇಬರೇ ಇರಲಿ, ಕೇಳುವ ಹಕ್ಕು ನಿಮಗಿದೆ. ಅದನ್ನು ಗಾಡಿ ಹೊರಡುವ ಮೊದಲೇ ಕೇಳಬೇಕು. ಹೊರಟ ಮೇಲೆ ಹೇಳಿದರೆ ತಪ್ಪು ಹುಡುಕಿದಂತಾಗುತ್ತದೆ. ಯಾರೊಬ್ಬರನ್ನೂ ನೋಡದೆ, ಎಲ್ಲರಿಗೂ ಸೇರಿಸಿ ಹೇಳಿ. ‘ಎಲ್ಲಾರೂ ಬೆಲ್ಟ್ ಹಾಕ್ಕೊಂಡ್ರ ಹೊರಡೂಣ್ರಿ.’ ಹೇಳಿ ಸುಮ್ಮನೆ ಕುಳಿತುಕೊಳ್ಳಿ. ಗಾಡಿ ಕದಲದಿದ್ದರೆ ಹಿಂದೆ ತಾವಾಗಿ ತಡಕಾಡುತ್ತಾರೆ. ವಯಸ್ಸಾದವರಿಗೆ ಇಳಿದು ಹೋಗಿ ನೀವೇ ಹಾಕಿಕೊಡಿ, ಚಪ್ಪಲಿ ತಂದಿಟ್ಟಷ್ಟೇ ಸಹಜವಾಗಿ. ಇದನ್ನು ಅವಮಾನ ಅಂತ ತಿಳಿದವರನ್ನು ನಾನು ಇನ್ನೂ ಕಂಡಿಲ್ಲ. ಹೇಳುವ ಮೊದಲು ನಮಗಾಗುವ ಸಂಕೋಚ ಕೇಳಿದ ಮೇಲೆ ಅವರಿಗೆ ಆಗುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಸೊಸೆಯೊಬ್ಬರು ಕೇಳಿದರು: ‘ಗಾಡಿ ಹೊಡಿಯೋದು ನಮ್ ಯಜಮಾನ್ರು, ಮುಂದ ಮಾವಾರು. ನಾನು ಹಿಂದ. ನಾನ್ ಹ್ಯಾಂಗ್ ಹೇಳ್ಲಿ?’ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಕ್ಕಳಿಗೆ ಹಾಕಿ ಅಂದೆ. ಶಾಲೆಗೆ ಹೋಗುವ ಮೊಮ್ಮಗಳು ‘ಅಜ್ಜಾ, ಬೆಲ್ಟ್’ ಅಂದರೆ ಕೇಳದ ಅಜ್ಜ ಧಾರವಾಡ ಜಿಲ್ಲೆಯಲ್ಲಿ ಇಲ್ಲ. ನಿಮ್ಮ ಬದಲು ಅವಳೇ ಹೇಳಲಿ.

ಕುಂದಗೋಳ ಕಡೆಯ ಒಬ್ಬ ಹುಡುಗ ಕ್ರೂಸರ್ ಬಗ್ಗೆ ಕೇಳಿದ. ಜಾತ್ರೆ, ಮದುವೆ ಅಂದರೆ ನಮ್ಮ ಹಳ್ಳಿಗಳಿಗೆ ಕ್ರೂಸರೇ ಗತಿ, ಹಿಂದೆ ಎದುರುಬದುರು ಕೂರುವ ಉದ್ದ ಸೀಟು, ಅಲ್ಲಿ ಬೆಲ್ಟೇ ಇರುವುದಿಲ್ಲ. ಒಳ್ಳೆಯ ಪ್ರಶ್ನೆ, ಸುಲಭದ ಉತ್ತರ ಇಲ್ಲದ ಪ್ರಶ್ನೆ. ಬೆಲ್ಟ್ ಇರುವ ಸೀಟುಗಳಲ್ಲಿ ಮಕ್ಕಳನ್ನು, ಬಸುರಿಯರನ್ನು ಕೂರಿಸಿ. ಸೀಟಿಗಿಂತ ಜಾಸ್ತಿ ಜನ ಹತ್ತಬೇಡಿ. ರಾತ್ರಿ ಎರಡು ಗಂಟೆಗೆ ಎದ್ದು ಹೊರಡುವುದನ್ನು ಬಿಟ್ಟು, ಬೆಳಕು ಹರಿದ ಮೇಲೆ ಹೊರಡಿ. ದೇವರ ದರ್ಶನ ಎರಡು ತಾಸು ತಡವಾದರೆ ಏನೂ ಆಗುವುದಿಲ್ಲ. ದೂರದ ದಾರಿಗೆ ಸಾರಿಗೆ ಸಂಸ್ಥೆಯ ಬಸ್ಸು ಒಪ್ಪಂದದ ಮೇಲೆ ಸಿಗುತ್ತದೆ, ಊರವರೆಲ್ಲ ಸೇರಿದರೆ ತಲೆಗೆ ಬೀಳುವ ಖರ್ಚು ಅಷ್ಟೇನೂ ಆಗುವುದಿಲ್ಲ.

ಟ್ಯಾಕ್ಸಿಯವರೊಬ್ಬರು, ಬೆಲ್ಟ್ ಬಿಟ್ಟರೆ ತಾನಾಗಿ ಒಳಗೆ ಹೋಗುತ್ತಿಲ್ಲ, ಜೋತು ಬೀಳುತ್ತದೆ ಅಂದರು. ಬಹಳ ಸಲ ಅದು ಬೆವರು, ಧೂಳು, ಎಣ್ಣೆ ಜಿಡ್ಡು ಕೂತು ಆಗುವುದು. ಪಟ್ಟಿ ಪೂರ್ತಿ ಎಳೆದು, ಒಳಗೆ ಹೋಗದಂತೆ ಬಟ್ಟೆ ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಬೆರೆಸಿ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಡಿ. ಬ್ಲೀಚಿಂಗ್ ಪೌಡರ್ ಹಾಕಬೇಡಿ, ನೂಲು ಸಾಯುತ್ತದೆ. ಪಟ್ಟಿಯ ಅಂಚು ಹರಿದಿದ್ದರೆ ಅಥವಾ ಗಾಡಿ ಒಮ್ಮೆ ಜೋರಾಗಿ ಡಿಕ್ಕಿ ಹೊಡೆದಿದ್ದರೆ, ಆ ಬೆಲ್ಟ್ ನೋಡಲು ಚೆನ್ನಾಗಿದ್ದರೂ ಮತ್ತೆ ಬಳಸಬೇಡಿ. ಹೊಲಿಸುವುದು ಬೇಡ, ಗುಜರಿಯಿಂದ ಹಳೆಯದು ತಂದು ಹಾಕಿಸುವುದೂ ಬೇಡ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಉರುಳೆ ಸಮೇತ ಹೊಸದು ಹಾಕಿಸಿ.